ತುಪ್ಪದ ಮೂಗಿಗೆ ನೀಲಗಿರಿ ಎಣ್ಣೆ

ಅಂದು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದೆ, ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ, ತಾಮ್ರದ ಕೊಡಗಳನ್ನು ಹುಣಸೆಹಣ್ಣಿನಿಂದ ತಿಕ್ಕಿದೆ, ಗೋಡೆಯ ಗೂಡು ಒರೆಸಲು ಹೋಗಿ ನೀಲಗಿರಿ ಎಣ್ಣೆಯ ಬಾಟಲಿ ಒಡೆದೆ. ಇಷ್ಟರಲ್ಲಿ ಓಣಿಗೆಲ್ಲ ಗೊತ್ತಾದದ್ದು ಕೊನೆಯದೊಂದೇ. ನೀಲಗಿರಿ ಎಣ್ಣೆಗೆ ಗುಟ್ಟು ಕಾಯುವುದು ಗೊತ್ತಿಲ್ಲ. ಕರವಸ್ತ್ರಕ್ಕೆ ಒಂದು ಹನಿ ಹಾಕಿಕೊಂಡರೂ ನಮ್ಮ ನೆಗಡಿಯನ್ನು ಬಸ್ಸಿನವರಿಗೆಲ್ಲ ಸಾರಿಬಿಡುತ್ತದೆ. ನಾನು ಚೆಲ್ಲಿದ್ದು ಅರ್ಧ ಬಾಟಲಿ. ಎದುರು ಮನೆಯವರು ಬಾಗಿಲಿಗೇ ಬಂದು ಯಾರಿಗೆ ಆರಾಮಿಲ್ಲ ಎಂದು ವಿಚಾರಿಸಿ ಹೋದರು.

ಮಧ್ಯಾಹ್ನ ನಮ್ಮ ಯಜಮಾನರು ಊಟಕ್ಕೆ ಬಂದರು. ಒರೆಸಿದಷ್ಟೂ ಹರಡುತ್ತಿದ್ದ ಆ ಘಾಟಿನ ನಡುವೆಯೇ ಕೂತು ರೊಟ್ಟಿ ತಿಂದರು, ಮಜ್ಜಿಗೆ ಕುಡಿದರು, ಅಂಗಡಿಗೆ ಹೊರಟರು. ಘಾಟು ಎಂದು ಮೂಗು ಕೂಡ ಮುಚ್ಚಿಕೊಳ್ಳಲಿಲ್ಲ. ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದ ನನಗೆ ಮೊದಲು ಸಮಾಧಾನವಾಯಿತು, ಆಮೇಲೆ ಭಯವಾಯಿತು.

ಏಕೆಂದರೆ ಬಳ್ಳಾರಿಯ ತೇರು ಬೀದಿಯಲ್ಲಿ ಅವರದು ತುಪ್ಪದ ಅಂಗಡಿ. ಕೊಳಗಲ್ಲು, ಬಾದನಹಟ್ಟಿ ಕಡೆಯ ಹೆಂಗಸರು ಮನೆಯಲ್ಲಿ ಕಾಸಿದ ತುಪ್ಪ ತಂದರೆ, ಇವರು ಒಂದು ಚೂರು ತೆಗೆದು ಕೈಯ ಹಿಂಬದಿಗೆ ಉಜ್ಜಿ ಮೂಸುತ್ತಿದ್ದರು. ಬೆಣ್ಣೆ ಹಳತೋ, ವನಸ್ಪತಿ ಬೆರೆತಿದೆಯೋ, ಎಲ್ಲವನ್ನೂ ಆ ಮೂಗು ಹೇಳುತ್ತಿತ್ತು. ಸಿರುಗುಪ್ಪದ ಹೋಟೆಲಿನವರು ಡಬ್ಬಿ ತರಿಸಿಕೊಳ್ಳುತ್ತಿದ್ದುದೂ ಅದರ ಭರವಸೆಯ ಮೇಲೆಯೇ. ತಕ್ಕಡಿ ಕೆಟ್ಟರೆ ಪಕ್ಕದ ಅಂಗಡಿಯಿಂದ ತರಬಹುದು. ಮೂಗನ್ನು ಯಾರು ಕೊಟ್ಟಾರು?

ಸಂಜೆ, ವಾಸನೆ ಬರುತ್ತಿಲ್ಲವೇ ಎಂದು ಕೇಳಿಯೇಬಿಟ್ಟೆ. ಅಂಗಿಯ ಗುಂಡಿ ತಿರುವುತ್ತ ಹೇಳಿದರು.

“ಹೋದ ತಿಂಗಳು ಜ್ವರ ಬಂದಿತ್ತಲ್ಲ, ಆವಾಗಿಂದ ವಾಸನಿ ಏನೂ ಬರವಲ್ದು. ಬೆಲ್ಲ ಮೂಸಿದ್ರೂ ಅಷ್ಟ, ಸೀಮೆಎಣ್ಣಿ ಮೂಸಿದ್ರೂ ಅಷ್ಟ. ಹೊರಗ ಗೊತ್ತಾದ್ರ ಅಂಗಡಿ ಮುಚ್ಚೂದ ನೋಡು.”

ಅಷ್ಟು ದಿನವೂ ತುಪ್ಪದ ಬದಲು ತಂದವರ ಮುಖ ನೋಡಿ ಕೊಳ್ಳುತ್ತಿದ್ದರಂತೆ. ಹಾಗೆ ನೋಡಿದರೆ ಎಲ್ಲರ ತುಪ್ಪವೂ ಚೆನ್ನಾಗಿಯೇ ಕಾಣುತ್ತಿತ್ತಂತೆ.

ಮರುದಿನವೇ ಹೊಸ ಬಾಟಲಿ ತರಿಸಿದೆ. ನಮ್ಮ ಮನೆಯಲ್ಲಿ ಈ ಎಣ್ಣೆಗೆ ಹಚ್ಚದ ಕೆಲಸವಿರಲಿಲ್ಲ. ಮಂಡಿ ನೋವಿಗೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ತಿಕ್ಕುತ್ತಿದ್ದೆವು, ತಲೆ ನೋವಿಗೆ ಹಣೆಗೆ ಸವರುತ್ತಿದ್ದೆವು, ತಿಗಣೆಯ ಮಂಚಕ್ಕೂ ಅದೇ. ಇನ್ನು ಮೂಗಿನ ಮನೆಗೇ ಹೋಗಿ ಕೆಲಸ ಮಾಡಬೇಕಿತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನ್ನ ತಮ್ಮ ಚಂದ್ರುವನ್ನು ಕೇಳಿದರೆ ಅವನು ಮರದ ವಂಶಾವಳಿಯನ್ನೇ ಬಿಚ್ಚಿದ.

“ಹೆಸರಷ್ಟ ನಮ್ದು ಅಕ್ಕಾ, ಹುಟ್ಟಿದ ಊರು ಆಸ್ಟ್ರೇಲಿಯಾ.”

ಊಟಿಯ ಚಳಿಯಲ್ಲಿ ನಡುಗಿದ ಇಂಗ್ಲಿಷರು ಒಲೆಗೆ ಕಟ್ಟಿಗೆ ಬೇಕೆಂದು ಅದನ್ನು ನೆಡಿಸಿದರಂತೆ. ಎಲೆ ಬೇಯಿಸಿ ಎಣ್ಣೆ ಇಳಿಸುವುದು ಬೆಟ್ಟದಲ್ಲಿ ಆಮೇಲೆ ಬೆಳೆದ ಕಸುಬು. ಅದೇ ದೇಶದಲ್ಲಿ ಇದರ ದಾಯಾದಿ ಒಂದಿದೆ, ಹೆಸರು ಟೀ ಟ್ರೀ. ನಮ್ಮ ಚಹಾಕ್ಕೂ ಅದಕ್ಕೂ ನಂಟಿಲ್ಲ. ಹಡಗಿನವರು ಅದರ ಎಲೆ ಕುದಿಸಿ ಚಹಾದಂತೆ ಕುಡಿದರೆಂದು ಆ ಹೆಸರು. ಅಲ್ಲಿನ ಮೂಲ ಜನ ಅದರ ಎಲೆಯನ್ನು ಜಜ್ಜಿ ಗಾಯಕ್ಕೆ ಕಟ್ಟುತ್ತಿದ್ದರು, ಕೆಮ್ಮಿಗೆ ಮೂಸುತ್ತಿದ್ದರು. ನಮ್ಮ ಅಜ್ಜಿಯರು ಬೇವಿನ ಸೊಪ್ಪನ್ನು ಬಳಸಿದ ಹಾಗೆಯೇ ಅಲ್ಲವೇ ಎನಿಸಿ, ಕಾಣದ ಆ ನಾಡಿನ ಹೆಂಗಸರ ಮೇಲೆ ನನಗೆ ಅಕ್ಕರೆ ಬಂತು. ಮೂಗು ಕಟ್ಟಿದ್ದರೆ ನೀಲಗಿರಿ ಎಣ್ಣೆ ಸಡಿಲಿಸೀತು, ಹೋದ ವಾಸನೆ ತಂದುಕೊಟ್ಟೀತೆಂದು ಯಾವ ಪುಸ್ತಕದಲ್ಲೂ ಓದಿಲ್ಲ ಎಂದ ಚಂದ್ರು. ಆಮೇಲೆ ನನ್ನ ಕೈಯಲ್ಲಿದ್ದ ಚಮಚ ನೋಡಿ, “ಕುಡಿಸಿಗಿಡಿಸೀಯ ಮತ್ತ, ಹೊಟ್ಟಿಗೆ ಹೋದ್ರ ವಿಷ ಅದು,” ಎಂದ. ಚಮಚವನ್ನು ಸೆರಗಿನಲ್ಲಿ ಮರೆಮಾಡಿದೆ.

ದಿನಾ ಸಂಜೆ ಬಿಸಿನೀರಿನ ಬೋಗುಣಿ, ಎರಡು ಹನಿ ಎಣ್ಣೆ, ಮೇಲೊಂದು ಕಂಬಳಿ. ಬಿಸಿ ತಾಗುತ್ತದೆ, ವಾಸನೆ ಇಲ್ಲ ಎಂದು ಕಂಬಳಿಯೊಳಗಿಂದ ಒಂದೇ ವರದಿ. ವಾಸನೆ ಮರಳುವವರೆಗೆ ಅಂಗಡಿ ನಡೆಯಬೇಕಲ್ಲ? ಹೆಂಗಸರು ತುಪ್ಪ ತರುವ ಹೊತ್ತಿಗೆ ಸರಿಯಾಗಿ ನಾನು ಬುತ್ತಿ ಒಯ್ಯತೊಡಗಿದೆ. ನನ್ನ ಮೂಗು ಒಗ್ಗರಣೆಗೆ ಪಳಗಿದ್ದು. ಆದರೂ ಮೂಸಿ, ಚೆನ್ನಾಗಿದ್ದರೆ ಸುಮ್ಮನಿರುತ್ತಿದ್ದೆ, ಕೆಟ್ಟಿದ್ದರೆ ರೊಟ್ಟಿ ಆರುತ್ತಿದೆ ಎನ್ನುತ್ತಿದ್ದೆ.

ಬಾದನಹಟ್ಟಿಯ ಗಂಗಮ್ಮ ನಾಲ್ಕು ಸಲ ನೋಡಿದಳು. ಐದನೆಯ ಸಲ ತಂಬಿಗೆ ಇಳಿಸುತ್ತಲೇ, “ಯಜಮಾನ್ರ ಮೂಗು ಈಗ ಬುತ್ತಿ ಜೋಡಿ ಬರ್ತೈತೇನ್ರಿ?” ಎಂದಳು.

ಇವರ ಮುಖದ ಬಣ್ಣ ಇಳಿಯಿತು. ಅಂಗಡಿಯ ಕತೆ ಮುಗಿಯಿತು ಎಂದುಕೊಂಡೆ. ಗಂಗಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

“ನಮ್ಮತ್ತಿಗೂ ಹಿಂಗ ಆಗಿತ್ರಿ. ಆಮ್ಯಾಲ ವಾಸನಿ ಹೊಳ್ಳಿ ಬಂತು. ನಾ ಯಾರ ಮುಂದ ಹೇಳಾಕ ಹೋಗ್ಲಿ? ಆದ್ರ ಅಮ್ಮಾರ, ನನ್ನ ತುಪ್ಪ ಮೂಸಬ್ಯಾಡ್ರಿ, ನಂಬ್ರಿ.”

ನಂಬಿದೆ. ಆಕೆ ಹೋದ ಮೇಲೆ ಮೂಸಿಯೂ ನೋಡಿದೆ. ಘಮಘಮ ಎನ್ನುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ಸಂಜೆ, ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಪಡಸಾಲೆಯಿಂದ ಇವರ ದನಿ ಕೇಳಿತು.

“ಒಲಿ ಮ್ಯಾಲ ಏನಿಟ್ಟೀ? ಬ್ಯಾಳಿ ತಳ ಹತ್ತೇತಿ ನೋಡು.”

ಓಡಿದೆ, ಒಲೆಯ ಹತ್ತಿರಕ್ಕಲ್ಲ, ಅವರ ಹತ್ತಿರಕ್ಕೆ. ಎದ್ದು ಕೂತಿದ್ದರು, ಮೂಗಿನ ಹೊಳ್ಳೆ ಅರಳಿಸಿಕೊಂಡು. “ಬ್ಯಾಳಿ ಹತ್ತೇತಿ,” ಎಂದು ಇನ್ನೊಮ್ಮೆ ಅಂದರು, ಈ ಸಲ ಮೆಲ್ಲಗೆ. ನನ್ನ ಅಡುಗೆಯನ್ನು ಯಾರೂ ಇಷ್ಟು ಸಂತೋಷದಿಂದ ದೂರಿರಲಿಲ್ಲ.

ವಾಸನೆ ತಂದದ್ದು ಎಣ್ಣೆಯೋ, ಹಬೆಯೋ, ಸುಮ್ಮನೆ ಕಳೆದ ದಿನಗಳೋ, ಚಂದ್ರುವಿಗೇ ಗೊತ್ತಿಲ್ಲ. ನಾನಂತೂ ಆ ಹಿರಿಮೆಯನ್ನು ಎಣ್ಣೆಗೇ ಕೊಟ್ಟೆ. ಕಾಯಿಲೆಯ ಮನೆಯಲ್ಲಿ ಔಷಧಿ ಅರ್ಧ ಕೆಲಸ ಮಾಡುವುದು ರೋಗಿಗೆ. ಉಳಿದರ್ಧ, ಕೈಕಟ್ಟಿ ಕೂಡಲಾರದ ನಮ್ಮಂಥವರಿಗೆ.

ಅಂದು ಉಂಡದ್ದು ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ತಳ ಹತ್ತಿದ ಬೇಳೆ. ಅವರು ಒಂದೊಂದು ತುತ್ತನ್ನೂ ಮೂಸಿ ಉಂಡರು. ನಾನು ಕರಕಲು ಪಾತ್ರೆಗೆ ನೀರು ಹಾಕಿ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.