ಒಣಗಿದ ಅಂಗಿ

ಬಳ್ಳಾರಿ ದಂಡಿನ ಮೈದಾನದ ಸೈಕಲ್ ಪಂದ್ಯದಲ್ಲಿ ಸೋಲ್ಜರುಗಳನ್ನು ಹಿಂದೆ ಹಾಕಿ ಎರಡು ಸಲ ಗೆದ್ದವರು ನನ್ನ ಯಜಮಾನರು. ಮೂರನೆಯ ಸಲ ನಡುವೆ ಯಾರೋ ಕೊಟ್ಟ ಶರಬತ್ತು ಕುಡಿದರಂತೆ. ಮುಂದಿನ ಸುತ್ತಿಗೆ ಹೊಟ್ಟೆ ಹಿಡಿದುಕೊಂಡು ಬಿದ್ದರು, ಮಂಡಿಯ ಚಿಪ್ಪು ಒಡೆಯಿತು. ನಾನು ಮದುವೆಯಾಗಿ ತಳಕಿಗೆ ಬರುವ ಹೊತ್ತಿಗೆ ಕುಂಟುತ್ತಾ ತಮ್ಮನಿಗೆ ಉಸ್ತಾದರಾಗಿದ್ದರು. ಅವರ ಮೊದಲ ಪಾಠ, ಸೀಟಿನ ಮೇಲೆ ಕೂತವನಿಗೆ ಹನಿ ನೀರೂ ಕೂಡದು. ಬಾಯಾರಿದರೆ ಚೀಪಲು ಹಳ್ಳದಿಂದ ಆರಿಸಿ ತಂದ ನುಣುಪು ಕಲ್ಲು.

ಮೈದುನ ನಗೆಗಾರ. ಕಲ್ಲನ್ನು ದವಡೆಗೆ ತಳ್ಳಿ, "ಅತ್ಗೆವ್ವಾ, ಇದಕ್ಕೊಂಚೂರು ಉಪ್ಪು ಖಾರ ಹಾಕ್ರಿ, ಊಟ ಆದಂಗಾಗ್ತೈತೆ" ಅನ್ನುತ್ತಿದ್ದ.

"ಲೇ, ಹಲ್ಲು ಕಿಸಿದ್ರೆ ಬಾಯಿ ಒಣಗ್ತೈತೆ. ತುಳಿ!" ಎಂದು ಇವರು.

ಅವನ ಅಂಗಿ ಒಗೆಯುತ್ತಿದ್ದವಳು ನಾನು. ದಿನವೂ ಹಿಂಡುವಷ್ಟು ನೆನೆದಿರುತ್ತಿತ್ತು.

ಆ ವರ್ಷದ ಬಳ್ಳಾರಿ ಪಂದ್ಯಕ್ಕೆ ವಾರವಿದ್ದಾಗ, ಸೈಕಲ್ ತುಳಿದು ಚಳ್ಳಕೆರೆಗೆ ಹೋಗಿ ಬಂದವನು ಸುಡುಬಿಸಿಲಿನಲ್ಲಿ ನಮ್ಮ ಜಗುಲಿಯ ಮುಂದೆ ಒಂದು ಕಾಲೂರಿ ನಿಂತ. ಇನ್ನು ಬಿ.ಜಿ. ಕೆರೆಗೆ ಹೋಗಿ ಬರಬೇಕಿತ್ತು. ಅಂದು ತಮಾಷೆಯ ಮಾತಿಲ್ಲ. ನೀರಿನ ಚೊಂಬು ಹಿಡಿದು ಬಂದ ನಾನು ಧೂಳು ಕೊಡಹುವ ನೆಪದಲ್ಲಿ ಬೆನ್ನು ಮುಟ್ಟಿದೆ. ಅಂಗಿ ಒಣಗಿ ಗರಿಗರಿ ಅನ್ನುತ್ತಿತ್ತು. ಒಳಗಿನ ಮೈ ರೊಟ್ಟಿ ಹೆಂಚು.

"ಬೆವರೇ ಇಲ್ಲ ನೋಡ್ರಿ" ಅಂದೆ, ಜಗುಲಿಯ ಮೇಲೆ ಕೂತಿದ್ದ ಯಜಮಾನರಿಗೆ.

"ಮೈ ಪಳಗೈತೆ. ಪಳಗಿದ ಮೈ ಬೆವರಲ್ಲ." ಅವರ ದನಿಯಲ್ಲಿ ಹೆಮ್ಮೆಯಿತ್ತು. "ಚೊಂಬು ಒಳಗಿಡು. ಅವನ ಕಾಲೂ ಮುರೀಬೇಕಾ ನಿಂಗೆ?"

ಬಿಸಿಲಿನಲ್ಲಿ ಬೆವರು ನಿಂತರೆ ಜೀವಕ್ಕೆ ಅಪಾಯವೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರು ಆರೋಗ್ಯದ ಪಾಠದಲ್ಲಿ ಬರೆಸಿದ್ದರು. ದುಂಡಗೆ ಬರೆದು ಶಭಾಷ್ ಅನ್ನಿಸಿಕೊಂಡಿದ್ದೆ. ದೊಡ್ಡವರಿಗೆ ಎದುರಾಡಬಾರದೆಂದು ಕಲಿಸಿದವರೂ ಅವರೇ. ಚೊಂಬನ್ನು ತುಳುಕದಂತೆ ಜೋಪಾನವಾಗಿ ಒಳಗಿಟ್ಟೆ.

ಅವನು ಬಿ.ಜಿ. ಕೆರೆಯತ್ತ ತುಳಿದ. ಮಧ್ಯಾಹ್ನ ಇಳಿದರೂ ಬಾರದಿದ್ದಾಗ ಗಾಡಿ ಕಟ್ಟಿಸಿಕೊಂಡು ಹೊರಟೆವು. ಬಿ.ಜಿ. ಕೆರೆಗೆ ಇನ್ನೂ ದೂರವಿರುವಾಗಲೇ, ದಾರಿ ಬದಿಯ ಜಾಲಿಯ ಕೆಳಗೆ ಕುರಿ ಕಾಯುವವನೊಬ್ಬ ತನ್ನ ಕಂಬಳಿ ಹಾಸಿ ಅವನನ್ನು ಮಲಗಿಸಿದ್ದ. ಉಸಿರು ನಿಂತು ಹೊತ್ತಾಗಿತ್ತು.

"ನೀರು ತಂದೆ ಸ್ವಾಮಿ, ಹಲ್ಲು ಕಚ್ಕಂಡಿದ್ದ, ಇಳೀಲಿಲ್ಲ" ಎಂದ ಕುರುಬ. "ಬಾಯಾಗೆ ಏನೋ ಇಟ್ಕಂಡವ್ನೆ."

ಯಜಮಾನರು ಮಂಡಿಯೂರಲಾರದೆ ಕಾಲು ನೀಡಿ ಕೂತು, ಹೆಬ್ಬೆರಳಿಂದ ತಮ್ಮನ ಬಾಯಿ ಬಿಡಿಸಿ ಕಲ್ಲನ್ನು ತೆಗೆದರು. ಒರೆಸಿ ಕೋಟಿನ ಜೇಬಿಗೆ ಹಾಕಿಕೊಂಡರು. ಅದು ಇಂದಿಗೂ ಅಲ್ಲೇ ಇದೆ. ಕೋಟು ಒಗೆಯುವಾಗ ತೆಗೆದು, ಒಣಗಿದ ಮೇಲೆ ಮತ್ತೆ ಹಾಕಿಡುತ್ತೇನೆ.

ಇವರು ಉಸ್ತಾದಿಕೆ ಬಿಡಲಿಲ್ಲ. ರಾಂಪುರದಿಂದ, ಮೊಳಕಾಲ್ಮೂರಿನಿಂದ ಕಲಿಯುವವರು ಬಂದರು. ನೀರಿನ ಮಾತನ್ನು ಮಾತ್ರ ಎಂದೂ ಎತ್ತಲಿಲ್ಲ. ಜಗುಲಿಯ ಮುಂದೆ ಬಂದು ನಿಂತವನಿಗೆ, "ಒಳಗೆ ಹೋಗು. ಅಮ್ಮಾರಿಗೆ ಅಂಗಿ ತೋರ್ಸು" ಅನ್ನುತ್ತಾರೆ.

ನಾನು ಬೆನ್ನಿಗೆ ಅಂಗೈ ಇಟ್ಟು ನೋಡುತ್ತೇನೆ. ಒದ್ದೆಯಿದ್ದರೂ ಚೊಂಬು ಕೊಡುತ್ತೇನೆ. ಅವನು ಗಟಗಟ ಕುಡಿಯುವಷ್ಟು ಹೊತ್ತೂ ಇವರು ಬೆನ್ನು ತಿರುಗಿಸಿ, ಚಕ್ರದಲ್ಲಿ ಮುಳ್ಳು ಹುಡುಕುತ್ತಿರುತ್ತಾರೆ.