ಧೋಂಡಿಬಾನ ಚಾಡಿಕೋರ ಕಾಲು

ಸಾತಾರಾ ಕಡೆಯ ನಿಕಮವಾಡಿಯಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೂ ಅದು ಯಾರಾದರೊಬ್ಬ ಮಾಜಿ ಸೈನಿಕನ ಅಂಗಳದಲ್ಲೇ ಬೀಳಬೇಕು. ಅಂಥ ಊರಲ್ಲಿ ಹವಾಲ್ದಾರನಾಗಿ ನಿವೃತ್ತನಾಗುವ ಪಾಡು ಏನೆಂದು ಧೋಂಡಿಬಾ ನಿಕಮನನ್ನು ಕೇಳಬೇಕು. ಎದುರಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ಹುದ್ದೆಯಲ್ಲಿ ಅವನಿಗಿಂತ ಮೇಲಿನವರು. ಡೇರಿಗೆ ಹಾಲು ಹಾಕಲು ಹೋದರೂ ಸಲಾಮು, ಕ್ಷೌರಕ್ಕೆ ಹೋದರೂ ಸಲಾಮು. ಅದೂ ಕೈಯೆತ್ತಿ ಮುಗಿಸುವ ಸಲಾಮಲ್ಲ. ಎಡಗಾಲೆತ್ತಿ ಧಡ್ಡೆಂದು ನೆಲಕ್ಕೆ ಹೊಡೆದು, ಕವಾಯತಿನ 'ಸಾವಧಾನ' ಭಂಗಿಯಲ್ಲಿ ನೆಟ್ಟಗೆ ನಿಂತರೇನೇ ಮಹಾರಾಯನಿಗೆ ಸಮಾಧಾನ.

ಆ ಎಡಗಾಲು ಗಡಿಯಲ್ಲಿ ನೆಲಬಾಂಬಿಗೆ ಸಿಕ್ಕಿ ಹೋಗಿ ಎಷ್ಟೋ ಕಾಲವಾಗಿತ್ತು. ಅದರ ಜಾಗದಲ್ಲಿದ್ದ ಕೃತಕ ಕಾಲು ಮಂಡಿ ಮಡಚದ ಮೊಂಡು. ಹಳ್ಳದ ಇಳಿಜಾರಿನಲ್ಲಿದ್ದ ಅರಿಶಿನದ ಹೊಲಕ್ಕೆ ಹೆಂಡತಿ ಹೌಸಾಬಾಯಿ ಒಬ್ಬಳೇ ಇಳಿಯುತ್ತಿದ್ದಳು. ಇವನು ಜಗಲಿಯಲ್ಲಿ ಕೂತು ಅವಳ ದಾರಿ ಕಾಯುತ್ತಿದ್ದ.

ಆಮೇಲೆ ಪುಣೆಯ ಸೈನ್ಯದ ಆಸ್ಪತ್ರೆಯವರು ಹೊಸ ಕಾಲು ಕೊಟ್ಟರು. ಅದರ ಮಂಡಿಯೊಳಗೆ ಕಂಪ್ಯೂಟರು. ಇಳಿಜಾರು ಬಂದರೆ ತಾನೇ ಬಿಗಿಯುತ್ತದೆ, ಮೆಟ್ಟಿಲು ಬಂದರೆ ತಾನೇ ಮಡಚುತ್ತದೆ. ಪರೀಕ್ಷೆಗೆಂದು ಕೆಲವರಿಗಷ್ಟೇ ಕೊಟ್ಟ ಕಾಲು ಅದು. ವೈದ್ಯೆ ಮೇಜರ್ ಕೇತಕಿ ಸಬನೀಸ್ ಮೊದಲೇ ಹೇಳಿದ್ದರು: "ಕಾಲನ್ನ ನೆಲಕ್ಕೆ ಕುಕ್ಕಬೇಡಿ. ಪದೇ ಪದೇ ಬಿದ್ರೆ ಕಾಲು ವಾಪಸ್ ತಗೋತೀವಿ. ನೀವು ಮುಚ್ಚಿಟ್ರೂ ಕಾಲೇ ನನ್ನ ಫೋನಿಗೆ ಹೇಳುತ್ತೆ."

ಹೊಸ ಕಾಲಿನಲ್ಲಿ ಮೊದಲ ಸಲ ಹೊಲಕ್ಕಿಳಿದ ದಿನ ಧೋಂಡಿಬಾ ಅರಿಶಿನದ ಎಲೆ ಹಿಡಿದುಕೊಂಡು ಅತ್ತುಬಿಟ್ಟ. ಹೆಂಡತಿ ನೋಡಿಲ್ಲವೆಂದು ಅವನ ಎಣಿಕೆ. ಅವಳು ನೋಡಿದ್ದಳು.

ವಾರ ಕಳೆಯುವಷ್ಟರಲ್ಲಿ ಮೇಜರ್ ಫೋನು ಬಂತು.

"ಹವಾಲ್ದಾರ್, ಮತ್ತೆ ಬಿದ್ರಾ?"

"ಇಲ್ರೀ ಮೇಡಮ್ಮರ!"

"ಬೆಳಿಗ್ಗೆ ಬಿದ್ದಿದೀರಿ, ಮಧ್ಯಾಹ್ನ ಬಿದ್ದಿದೀರಿ, ಸಂಜೆ ಅಂತೂ ಒಂದರ ಹಿಂದೊಂದು ಬಿದ್ದಿದೀರಿ. ನಾನೇ ಊರಿಗೆ ಬರ್ತೀನಿ. ಹೀಗೇ ಇದ್ರೆ ಕಾಲು ಬಿಚ್ಚಿಕೊಂಡು ಹೋಗೋದೇ."

ಪಕ್ಕದಲ್ಲಿ ಭಾಕರಿ ರೊಟ್ಟಿ ಬಡಿಯುತ್ತಿದ್ದ ಹೌಸಾಬಾಯಿಗೆ ಎಲ್ಲ ಹೊಳೆಯಿತು.

"ಸುಭೇದಾರ್ ಮಾವ ಬಂದಾಗೆಲ್ಲ ಧಡಾ ಧಡಾ ಬಡೀತೀರಲ್ಲ, ಅದನ್ನ ಬೀಳೂದು ಅಂತ ತಿಳಕೊಂಡೈತಿ ನಿಮ್ಮ ಕಾಲು. ಹೇಳ್ರಿ ಮೇಡಮ್ಮರಿಗೆ."

"ಹೇಳಿದ್ರ ಕುಕ್ಕಿದ್ದು ಒಪ್ಪಿಕೊಂಡಂಗ ಆಕ್ಕೈತಿ."

"ಹಂಗಾದ್ರ ಬಡಿಯೂದು ಬಿಡ್ರಿ."

"ಬಿಡಾಕ ಅದೇನು ಬೀಡಿ ಏನ?"

ಸುಭೇದಾರ್ ಗಜಾಬಾ ಮೋಹಿತೆ ಎದುರು ಮನೆಯವರು. ಧೋಂಡಿಬಾನ ಸಲಾಮೆಂದರೆ ಅವರಿಗೆ ಚಹಾಕ್ಕಿಂತ ರುಚಿ. ಸುಣ್ಣ ಬೇಕು, ಬೆಂಕಿಪೊಟ್ಟಣ ಬೇಕು, ಏನೂ ಇಲ್ಲದಿದ್ದರೆ ಗಂಟೆಯೆಷ್ಟು ಎಂದು ಕೇಳಿಕೊಂಡಾದರೂ ಬಂದು, ಸಲಾಮು ತಗೊಂಡು, ಮೀಸೆ ತೀಡಿಕೊಂಡು ಹೋಗುವರು. ಈಗ ವಿಷಯ ತಿಳಿದು ಅವರ ಮುಖ ಸಣ್ಣದಾಯಿತು.

ಮೇಜರ್ ಬರುವ ದಿನ ಊರಿನಲ್ಲಿ ಅವನಿಗಿಂತ ಮೇಲಿನ ಹುದ್ದೆಯವರಿಗೆಲ್ಲ ಬಾಗಿಲು ದಾಟಬಾರದೆಂದು ಹೌಸಾಬಾಯಿಯ ಅಪ್ಪಣೆಯಾಯಿತು. ಜೀವಮಾನವಿಡೀ ಶತ್ರುವಿಗೆ ಬೆನ್ನು ತೋರಿಸದವರು ಒಬ್ಬ ಹವಾಲ್ದಾರನ ಸಲಾಮಿಗೆ ಹೆದರಿ ಕದವಿಕ್ಕಿಕೊಂಡರು. ಗಜಾಬಾಗೆ ಮಾತ್ರ ಮನೆಯಲ್ಲಿ ಕೂರಲಾಗಲಿಲ್ಲ. ಆದದ್ದು ಆಗಲಿ, ಕಣ್ಣಾರೆ ನೋಡಬೇಕೆಂದು ಧೋಂಡಿಬಾನದೇ ಎಮ್ಮೆ ಕೊಟ್ಟಿಗೆಗೆ ನುಸುಳಿದರು. ಧೋಂಡಿಬಾ ಕಂಡೂ ಕಾಣದಂತಿದ್ದ.

ಪುಣ್ಯಕ್ಕೆ ಮೇಜರ್ ಸಮವಸ್ತ್ರ ಬಿಟ್ಟು ಸೀರೆಯುಟ್ಟು ಬಂದರು, ಸಲಾಮಿನ ಹಂಗು ತಪ್ಪಿತು. ಧೋಂಡಿಬಾ ಹಲ್ಲು ಕಚ್ಚಿ, ಕೈಮುಗಿದು "ರಾಮ್ ರಾಮ್" ಎಂದ. ಹೊಲಕ್ಕಿಳಿದ, ಹತ್ತಿ ಬಂದ. ಎಲ್ಲೂ ಎಡವಲಿಲ್ಲ.

"ಇಷ್ಟು ಚೆನ್ನಾಗಿ ನಡೀತೀರಿ. ಮತ್ತೆ ಬೀಳೋದು ಯಾವಾಗ?"

"ಕಾಲು ಸುಳ್ಳು ಹೇಳ್ತೈತ್ರೀ ಮೇಡಮ್ಮರ," ಎಂದ ಧೋಂಡಿಬಾ, ರೆಪ್ಪೆ ಬಡಿಯದೆ.

ಮೇಜರ್ ಮುಖ ಬಾಡಿತು. "ಹಾಗಾದ್ರೆ ಈ ಕಾಲನ್ನೇ ನಂಬೋ ಹಾಗಿಲ್ಲ. ಎಲ್ಲರಿಂದಲೂ ವಾಪಸ್ ತಗೋಬೇಕು. ವಾರ್ಡಿನಲ್ಲಿ ಹುಡುಗರು ಇದಕ್ಕೇ ಕಾಯ್ತಾ ಮಲಗಿದಾರೆ. ಅವರಿಗೆ ಏನು ಹೇಳಲಿ?"

ಧೋಂಡಿಬಾ ನೆಲ ನೋಡಿದ. ಒಮ್ಮೆ ಆ ವಾರ್ಡಿನಲ್ಲಿ ತಾನೂ ಹೊದಿಕೆಯೆತ್ತಿ, ಇಲ್ಲದ ಕಾಲು ನೋಡಿಕೊಂಡವನೇ. ಇಳಿಜಾರಿನ ಹೊಲದ ಕಡೆ ಒಮ್ಮೆ ಕಣ್ಣು ಹಾಯಿಸಿದ.

"ಸುಭೇದಾರ್ ಸಾಹೇಬ್ರ, ಹೊರಗ ಬರ್ರಿ!"

ಕೊಟ್ಟಿಗೆಯಿಂದ ತಲೆತುಂಬ ಹುಲ್ಲು ಹೊತ್ತು ಗಜಾಬಾ ಹೊರಬಂದರು. ಧೋಂಡಿಬಾನ ಕಾಲು ಧಡ್ಡೆಂದಿತು. ಮೇಜರ್ ಕೈಯಲ್ಲಿದ್ದ ಫೋನು ಕಿಟಾರನೆ ಕಿರುಚಿತು: ರೋಗಿ ಬಿದ್ದಿದ್ದಾನೆ!

ಮೇಜರ್ ಫೋನು ನೋಡಿದರು, ಕಂಬದಂತೆ ನಿಂತ ರೋಗಿಯನ್ನು ನೋಡಿದರು, ಹುಲ್ಲು ಹೊತ್ತ ಸುಭೇದಾರರನ್ನು ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈ ಕಾಲು ಮಾಡಿದವರಲ್ಲಿ ಕವಾಯತು ಮಾಡಿದವರು ಒಬ್ಬರೂ ಇಲ್ಲ. ಸಾವಧಾನ ಅಂದ್ರೇನು ಅಂತ ಅದಕ್ಕೆ ಕಲಿಸಬೇಕು, ಕಲಿಸ್ತೀವಿ. ಅಲ್ಲೀವರೆಗೂ ಕಾಲು ನಿಮ್ಮ ಹತ್ರಾನೇ ಇರಲಿ. ಆದ್ರೆ ಇನ್ನೊಂದು ಸಲ ಕುಕ್ಕೋ ಹಾಗಿಲ್ಲ. ಇದು ಆರ್ಡರ್!"

ಆರ್ಡರಿಗೆ ಉತ್ತರವಾಗಿ ಮತ್ತೆ ಮೇಲೇಳುತ್ತಿದ್ದ ಕಾಲನ್ನು ಹೌಸಾಬಾಯಿ ಓಡಿಬಂದು ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಗಜಾಬಾ ಸುಣ್ಣ ಕೇಳಲು ಬಂದರು. ಧೋಂಡಿಬಾ ಎದ್ದು ನಿಂತ. ಮೇಲೇಳಹೊರಟ ಎಡಗಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದ.

"ಸಾಹೇಬ್ರ, ಮಾಫ್ ಮಾಡ್ರಿ. ಆರ್ಡರ್ ಐತಿ."

"ಆರ್ಡರ್ ನಿನಗೈತಿ ಧೋಂಡ್ಯಾ, ನನಗಿಲ್ಲ," ಎಂದರು ಗಜಾಬಾ. ಹಿಂದೆ ಸರಿದು, ವಯಸ್ಸಾದ ಕಾಲೆತ್ತಿ ಅಂಗಳದ ಧೂಳೇಳುವಂತೆ ಹೊಡೆದು, ತಮಗಿಂತ ಕೆಳಗಿನ ಹವಾಲ್ದಾರನಿಗೆ ಸಲಾಮು ಹಾಕಿದರು.