ಹೊಂಗನೂರಿನಲ್ಲಿ ಜಪಾನ್ ಮುದ್ದೆ

ಬಿಡದಿಯ ಸುತ್ತ ಹೊಲಗಳಿದ್ದಲ್ಲೆಲ್ಲ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಅಲ್ಲಿನ ಕಾರ್ಖಾನೆಯೊಂದು ನಮ್ಮ ಯಜಮಾನರನ್ನು ಮೂರು ವರ್ಷಕ್ಕೆಂದು ಜಪಾನಿಗೆ ಕಳಿಸಿತು. ಸುದ್ದಿ ಕೇಳಿದ ನಮ್ಮ ಮಾವನವರು ಮಗನನ್ನು ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ರಾಗಿ ಬೆಳೀತಾರೇನ್ಲಾ?" ಇಲ್ಲ ಎಂದದ್ದೇ ತಪ್ಪಾಯಿತು. ಅವತ್ತಿನಿಂದ ಮಾವನವರ ಪ್ರಕಾರ ನಾವು ಉಪವಾಸ ಬಿದ್ದವರು.

ನಿಜ ಹೇಳಬೇಕೆಂದರೆ ನಾವು ಅಲ್ಲಿ ತಿಂದುಂಡು ಚೆನ್ನಾಗಿಯೇ ಇದ್ದೆವು. ಎರಡು ಕೋಣೆಯ ಮನೆ. ನಡುಮನೆಯಲ್ಲಿ ಒಂದು ಮೋಟು ಮೇಜು, ಅದರ ಹೊಟ್ಟೆಯಡಿ ಕರೆಂಟಿನ ಹೀಟರು, ಮೇಲೆ ನೆಲದವರೆಗೂ ಇಳಿಬಿದ್ದ ರಜಾಯಿ. ಡಿಸೆಂಬರ್ ಬಂತೆಂದರೆ ನಾನು, ಯಜಮಾನರು, ಮಗಳು ಮೂವರೂ ಅದರೊಳಗೆ ಕಾಲು ತೂರಿಸಿ ಕೂತುಬಿಡುತ್ತಿದ್ದೆವು. ಆಮೇಲೆ ನೀರು ತರಲು ಯಾರು ಏಳಬೇಕೆಂದು ಜಗಳ. ಆ ಹೊತ್ತಿಗೆ ಸರಿಯಾಗಿ ಯಜಮಾನರಿಗೆ ಗೊರಕೆ ಬರುತ್ತಿತ್ತು. ಕಸ ಹಾಕುವುದಕ್ಕೂ ಅಲ್ಲಿ ವಾರ ನೋಡಬೇಕು. ತಪ್ಪು ವಾರದಲ್ಲಿ ಇಟ್ಟ ನನ್ನ ಕಸದ ಚೀಲವನ್ನು ಪಕ್ಕದ ಮನೆಯ ಅಜ್ಜಿ ಮೂರು ಸಲ ಬಗ್ಗಿ ನಮಸ್ಕರಿಸಿ ನನ್ನ ಕೈಗೇ ವಾಪಸು ಕೊಟ್ಟಿದ್ದರು. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಬೈದಿರಲಿಲ್ಲ.

ಎರಡನೆಯ ಚಳಿಗಾಲದಲ್ಲಿ, ಹೊಸ ವರ್ಷಕ್ಕೆಂದು ಕಾರ್ಖಾನೆ ಮುಚ್ಚಿದಾಗ, ರಜೆಗೆ ಮಾವನವರ ಊರಾದ ಹೊಂಗನೂರಿಗೆ ಬಂದೆವು. ಮಾವನವರು ರೇಷ್ಮೆ ಸಾಕುವವರು. ಹುಳಕ್ಕೆ ಮೇವು ಸಾಕಾಗಿದೆಯೋ ಇಲ್ಲವೋ ಎಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದರು. ಅದೇ ಕಣ್ಣಿನಿಂದ ನನ್ನ ಆರು ವರ್ಷದ ಮಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕೂಸು ಒಣಗೋಗ್ಬುಟ್ಟೈತೆ. ನೀವಿಬ್ರೂ ಬೇಕಾದ್ರೆ ಹೋಗಿ, ಇವ್ಳು ಇಲ್ಲೇ ಇರ್ಲಿ. ಚನ್ನಪಟ್ಟಣದ ಸ್ಕೂಲಿಗೆ ಸೇರಿಸ್ತೀನಿ."

ಮಾವ ಒಂದು ಮಾತು ಹೇಳಿದರೆ ಊರೇ ತಲೆದೂಗುತ್ತಿತ್ತು. ಫ್ಯಾಕ್ಟರಿಯಲ್ಲಿ ಅಷ್ಟೊಂದು ಜನರ ಮೇಲೆ ಕೂಗಾಡುವ ನಮ್ಮ ಯಜಮಾನರೂ ಅಪ್ಪನೆದುರು ತಲೆದೂಗಿಬಿಟ್ಟರು. ಮಾರನೆಯ ದಿನ ಸ್ಕೂಲಿನ ಫಾರಂ ಕೂಡ ಬಂತು. ನನಗೆ ಗಂಡನ ಮೇಲೆ ಕೆಂಡದಂಥ ಕೋಪ. ಮಗಳಿಲ್ಲದೆ ಆ ಮೇಜಿನಡಿ ನಾವಿಬ್ಬರೇ ಕಾಲು ಚಾಚಿ ಕೂರುವುದನ್ನು ನೆನೆದು ಅಡುಗೆಮನೆಯಲ್ಲಿ ಅತ್ತುಬಿಟ್ಟೆ.

ಅಳುತ್ತಿರುವಾಗಲೇ ಉಪಾಯ ಹೊಳೆಯಿತು. ಜಪಾನಿನಲ್ಲೂ ಮುದ್ದೆ ಇದೆ ಎಂದು ತೋರಿಸಿಬಿಟ್ಟರೆ? ಸೂಟ್‌ಕೇಸಿನಲ್ಲಿ ಮೋಚಿ ಎಂಬ ಜಪಾನಿ ತಿನಿಸು ಇತ್ತು. ಅಂಟಕ್ಕಿ ಬೇಯಿಸಿ, ಕುಟ್ಟಿ ಮಾಡುವ ಗಟ್ಟಿ ಬಿಲ್ಲೆಗಳು. ಹೊಸ ವರ್ಷಕ್ಕೆ ಅಲ್ಲಿ ಎಲ್ಲರೂ ತಿನ್ನುತ್ತಾರೆ, ಒಂದೊಂದೇ ಬಿಲ್ಲೆ, ಚೂರು ಚೂರೇ ಕಚ್ಚಿ, ಬಹಳ ಹೊತ್ತು ಅಗಿದು. ನಾನು ಮಹಾ ಬುದ್ಧಿವಂತೆ. ಎಂಟು ಬಿಲ್ಲೆ ಒಟ್ಟಿಗೇ ಬೇಯಿಸಿ, ಮುದ್ದೆಕೋಲಿನಲ್ಲಿ ತಿರುವಿ, ಕೈಗೆ ನೀರು ಹಚ್ಚಿಕೊಂಡು ದುಂಡಗೆ ಮುದ್ದೆ ಕಟ್ಟಿದೆ. ಪಕ್ಕಕ್ಕೆ ಹಿತಕಿದ ಅವರೆಬೇಳೆ ಸಾರು.

"ನೋಡಿ ಮಾವ, ಜಪಾನ್ ಮುದ್ದೆ. ನಿಮ್ಮ ಮೊಮ್ಮಗಳು ತಿನ್ನೋದು ಇದನ್ನೇ," ಎಂದೆ.

ಮಾವ ಒಂದು ತುತ್ತು ಮುರಿಯಲು ಹೋದರು. ಅದು ಮುರಿಯಲಿಲ್ಲ, ಮೊಳದುದ್ದ ಹಿಗ್ಗಿತು. ಬಿಡಲಿಲ್ಲ ಅವರು, ಬೆರಳಿಗೆ ಸುತ್ತಿ ಸಾರಿನಲ್ಲಿ ಅದ್ದಿದರು. ಅಗಿಯಿರಿ ಎಂದು ಹೇಳಬೇಕಾಗಿತ್ತು. ಆದರೆ ಮುದ್ದೆ ಮುಂದಿಟ್ಟು ಅಗಿಯಿರಿ ಎನ್ನಲು ನಮ್ಮ ಸೀಮೆಯಲ್ಲಿ ಯಾರಿಗೆ ತಾನೇ ಹೊಳೆಯುತ್ತದೆ? ಹುಟ್ಟಿದಾಗಿನಿಂದ ನುಂಗಿದಂತೆ ಮಾವ ಅದನ್ನೂ ನುಂಗಿದರು.

ಅದು ಇಳಿಯಲಿಲ್ಲ. ಮಾವನ ಕಣ್ಣು ಮೇಲಾಯಿತು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಯಜಮಾನರು "ಅಪ್ಪಾ, ಅಪ್ಪಾ" ಎನ್ನುತ್ತಾ ಸುತ್ತತೊಡಗಿದರು. ನಾನು ಸೌಟು ಹಿಡಿದು ಕಂಬದ ಹಾಗೆ ನಿಂತೆ, ಮಾವನನ್ನು ಕೈಯಾರೆ ಕೊಂದೆ ಎಂದುಕೊಂಡು. ಆಗ ಮಗಳು ಎದ್ದಳು. ತಾತನ ಹಿಂದೆ ನಿಂತು, ಮೊದಲು ಬಗ್ಗಿ ನಮಸ್ಕರಿಸಿ, ಜಪಾನಿ ಭಾಷೆಯಲ್ಲಿ ಕ್ಷಮೆ ಕೇಳಿ, ಬೆನ್ನಿಗೆ ಗುದ್ದಲು ಶುರು ಮಾಡಿದಳು. ಐದನೆಯ ಗುದ್ದಿಗೆ ತುತ್ತು ಹಾರಿ ಎದುರಿನ ಟಿ.ವಿ.ಗೆ ಅಂಟಿಕೊಂಡಿತು.

ಮಾವ ಏದುಸಿರು ಬಿಡುತ್ತಾ ಮೊಮ್ಮಗಳತ್ತ ತಿರುಗಿದರು. ಅವರ ಮೈಮೇಲೆ ಕೈ ಮಾಡಿದವರು ಆ ಊರಿನಲ್ಲಿ ಅಲ್ಲಿಯವರೆಗೆ ಇರಲಿಲ್ಲ.

"ಯಾರೇ ಹೇಳ್ಕೊಟ್ಟಿದ್ದು ನಿಂಗೆ?"

"ಸ್ಕೂಲಲ್ಲಿ. ಹೊಸ ವರ್ಷಕ್ಕೆ ಅಲ್ಲಿ ತಾತಂದಿರಿಗೆ ಹಿಂಗಾಗುತ್ತೆ. ಅದಕ್ಕೇ ರಜಾಕ್ಕೆ ಮುಂಚೆ ಮಿಸ್ಸು ಹೇಳ್ಕೊಡ್ತಾರೆ. ಅಗೀಬೇಕು ತಾತ."

ನಾನು ಮಾವನ ಕಾಲು ಹಿಡಿದು ಗೊಳೋ ಎಂದು ಅಳುತ್ತಿದ್ದೆ. ಮಾವ ಟವೆಲಿನಿಂದ ಕಣ್ಣೊರೆಸಿಕೊಂಡರು, ನೋಯುವ ಬೆನ್ನಿಗೆ ಕೈ ಆನಿಸಿದರು, ಮೊಮ್ಮಗಳನ್ನು ಮತ್ತೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಏಳವ್ವ, ಕರ್ಕೊಂಡೋಗು," ಎಂದರು. "ಒಣಗಿರೋ ಕೂಸಿನ ಏಟಲ್ಲ ಕಣವ್ವ ಇದು."